ಓದು ಜಾಸ್ತಿ ಆಯ್ತು ಅಂತ ಕೆಲಸ ಕೊಡ್ತಿಲ್ಲ, ಊರಲ್ಲೇ ಉಳಿಯೋರು ಏನು ಮಾಡ್ಬೇಕು?

ಹೂಮಳೆ (ಸೋಮವಾರಪೇಟೆ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ನಾನು ಬಯೋಕೆಮಿಸ್ಟ್ರಿಯಲ್ಲಿ ಎಂ.ಎಸ್ಸಿ. ಮಾಡಿ ಬೆಂಗಳೂರಿನ ಒಂದು ಆಹಾರ ಪರೀಕ್ಷಾ ಲ್ಯಾಬಿನಲ್ಲಿ ಸೀನಿಯರ್ ಅನಲಿಸ್ಟ್ ಆಗಿದ್ದೆ. ಅಪ್ಪನಿಗೆ ಸ್ಟ್ರೋಕ್ ಆದ ಮೇಲೆ ಕೆಲಸ ಬಿಟ್ಟು ಊರಿಗೆ ಬಂದೆ. ತಮ್ಮ ಇನ್ನೂ ಓದುತ್ತಿದ್ದಾನೆ. ಮನೆ, ತೋಟ ಎರಡನ್ನೂ ಅವ್ವ ಒಬ್ಬರೇ ನೋಡಿಕೊಳ್ಳುವುದು ಆಗುವ ಮಾತಲ್ಲ. ಮತ್ತೆ ಬೆಂಗಳೂರಿಗೆ ಹೋಗುವ ಯೋಚನೆ ನನಗಿಲ್ಲ. ಬೇಜಾರಿನಲ್ಲಿ ಹೀಗೆ ಹೇಳುತ್ತಿಲ್ಲ, ನಿಜವಾಗಿಯೂ ಇಲ್ಲೇ ಇರಬೇಕು ಅಂತ ಆಸೆ.

ಇಲ್ಲಿ ನನ್ನ ಓದಿಗೆ ಸರಿಹೊಂದುವ ಕೆಲಸ ಎಷ್ಟಿವೆ ಅಂತ ನಿಮಗೂ ಗೊತ್ತು. ಸಿಕ್ಕಿದ್ದು ಮಾಡೋಣ ಅಂತ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ಗೆ (ಒಣಗಿದ ಕಾಫಿಯ ಸಿಪ್ಪೆ ತೆಗೆದು ವಿಂಗಡಿಸುವ ಕಾರ್ಖಾನೆ) ಅರ್ಜಿ ಹಾಕಿದೆ, ಹೆಸರು ಬೇಡ. ಚೀಲ ಬಂದಾಗ ಸ್ಯಾಂಪಲ್ ತೆಗೆಯುವುದು, ತೇವಾಂಶ ನೋಡುವುದು, ಔಟ್‌ಟರ್ನ್ (ಒಂದು ಚೀಲಕ್ಕೆ ಎಷ್ಟು ಬೀಜ ಬರುತ್ತದೆ ಅಂತ) ಲೆಕ್ಕ ಹಾಕುವುದು, ಅದನ್ನು ಕಂಪ್ಯೂಟರಿಗೆ ಏರಿಸುವುದು. ಪಿಯುಸಿ ಆಗಿದ್ದರೆ ಸಾಕು ಅಂತ ಇತ್ತು. ಮ್ಯಾನೇಜರ್ ನನ್ನ ರೆಸ್ಯೂಮೆ ತಿರುಗಿಸಿ ನೋಡಿ, "ನಿಮ್ಮ ಓದು ಈ ಕೆಲಸಕ್ಕೆ ಜಾಸ್ತಿ ಆಯ್ತಮ್ಮ, ನೀವು ಇಲ್ಲಿ ನಿಲ್ಲುವವರಲ್ಲ" ಅಂದರು. ನಿಲ್ಲುತ್ತೇನೆ ಅಂತ ಹೇಳುವುದಕ್ಕೂ ಬಿಡಲಿಲ್ಲ. ಆಮೇಲೆ ಒಂದು ರೆಸಾರ್ಟಿನ ಅಕೌಂಟ್ಸ್ ಕೆಲಸ, ಒಂದು ಖಾಸಗಿ ಶಾಲೆಯ ಲ್ಯಾಬ್ ಅಸಿಸ್ಟೆಂಟ್ ಕೆಲಸ. ಎರಡು ಕಡೆಯೂ ಇದೇ ಮಾತು.

ರೆಸ್ಯೂಮೆಯಿಂದ ಎಂ.ಎಸ್ಸಿ. ತೆಗೆದುಬಿಡಲೇ? ಬಿ.ಎಸ್ಸಿ. ಮಾತ್ರ ಇಟ್ಟರೆ ತಪ್ಪಾಗುತ್ತದೆಯೇ? ಹಾಗೆ ಮಾಡಿದವರು ಯಾರಾದರೂ ಇದ್ದರೆ ಹೇಳಿ.

ಕುಶಾಲನಗರದ ಹುಡುಗ

ತೆಗೆದುಬಿಡಿ ಅಕ್ಕ. ನಾನು ಡಿಪ್ಲೊಮಾ ಆದ ಮೇಲೆ ಬಿ.ಇ. ಮೆಕ್ಯಾನಿಕಲ್ ಮಾಡಿದವನು. ಬಿ.ಇ. ತೋರಿಸಿದಷ್ಟು ದಿನ ಒಬ್ಬರೂ ವಾಪಸ್ ಫೋನ್ ಮಾಡಲಿಲ್ಲ. ಡಿಪ್ಲೊಮಾ ಮಾತ್ರ ಬರೆದು ಕಳಿಸಿದೆ, ಸರ್ವಿಸ್ ಸೆಂಟರಿನಲ್ಲಿ ಕೆಲಸ ಆಯಿತು. ಈಗಲೂ ಅಲ್ಲೇ ಇದ್ದೇನೆ. ನಾವು ಓದಿದ್ದು ನಮ್ಮದು, ಅದನ್ನು ಯಾರಿಗೆ ಹೇಳಬೇಕು ಅನ್ನುವುದೂ ನಮ್ಮದೇ ಅಲ್ಲವಾ.

ವಿರಾಜಪೇಟೆ ಮನೆ, ಮೈಸೂರು ಕೆಲಸ

ಹೂಮಳೆ ಅವರೇ, ನಾನು ಮೈಸೂರಿನ ಒಂದು ಕಾರ್ಖಾನೆಯ ಎಚ್‌ಆರ್ ವಿಭಾಗದಲ್ಲಿದ್ದೇನೆ. ರೆಸ್ಯೂಮೆ ನೋಡಿ ಆರಿಸುವ ಕೆಲಸ ನನ್ನದೇ, ಆದ್ದರಿಂದ ಮೇಜಿನ ಆ ಕಡೆ ಏನು ನಡೆಯುತ್ತದೆ ಅಂತ ಹೇಳಬಲ್ಲೆ.

"ಓದು ಜಾಸ್ತಿ" ಅಂತ ಹೇಳುವವರ ಮನಸ್ಸಿನಲ್ಲಿ ಸಾಮಾನ್ಯವಾಗಿ ಬೇರೆ ಏನೋ ಇರುತ್ತದೆ. ಕಲಿಸಿದ ಮೇಲೆ ಬಿಟ್ಟು ಹೋಗುತ್ತಾರೆ ಅನ್ನುವುದು ದೊಡ್ಡ ಭಯ. ಆರು ತಿಂಗಳಿಗೇ ಸಂಬಳ ಏರಿಸಿ ಅನ್ನುತ್ತಾರೆ ಅನ್ನುವುದು ಇನ್ನೊಂದು. ಯಾರೂ ಬಾಯಿಬಿಟ್ಟು ಹೇಳದ ಒಂದು ಭಯವೂ ಇದೆ. ನಿಮ್ಮ ಮೇಲೆ ಇರುವ ಸೂಪರ್‌ವೈಸರ್ ಓದಿದ್ದು ನಿಮಗಿಂತ ಕಡಿಮೆ. ಈ ಹೆಣ್ಣುಮಗಳು ನಾನು ಹೇಳಿದ್ದು ಕೇಳುತ್ತಾಳಾ, ನಾಳೆ ನನ್ನ ಕುರ್ಚಿಗೇ ಬರುತ್ತಾಳಾ ಅಂತ ಅವರಿಗೆ ಅನಿಸುತ್ತದೆ. ಸಂದರ್ಶನ ಮಾಡುವವರೇ ಆ ಸೂಪರ್‌ವೈಸರ್ ಆಗಿದ್ದರೆ ನಿಮ್ಮ ಡಿಗ್ರಿ ನಿಮಗೇ ಅಡ್ಡ ಬರುತ್ತದೆ.

ಇನ್ನು ಮುಚ್ಚಿಡುವ ವಿಷಯ. ರೆಸ್ಯೂಮೆ ನಿಮ್ಮ ಪರಿಚಯ ಪತ್ರ, ಅದರಲ್ಲಿ ಎಲ್ಲವನ್ನೂ ಬರೆಯಬೇಕು ಅಂತ ನಿಯಮ ಇಲ್ಲ. ಆದರೆ ಸೇರುವಾಗ ಒಂದು ಫಾರಂ ಕೊಡುತ್ತಾರೆ. ಅದರಲ್ಲಿ "ಎಲ್ಲ ವಿದ್ಯಾರ್ಹತೆ" ಅಂತ ಕಾಲಂ ಇದ್ದು, ಕೆಳಗೆ "ಮೇಲಿನದೆಲ್ಲ ಸತ್ಯ, ಯಾವುದನ್ನೂ ಮರೆಮಾಚಿಲ್ಲ" ಅಂತ ಸಹಿ ಹಾಕಿಸಿಕೊಂಡರೆ, ಅಲ್ಲಿ ಬಿಟ್ಟದ್ದು ಸುಳ್ಳೇ ಆಗುತ್ತದೆ. ಜೊತೆಗೆ ಪಿಎಫ್ ಇದೆ. ಹೊಸ ಕಡೆ ಸೇರುವಾಗ ಫಾರಂ 11ರಲ್ಲಿ ಹಳೆಯ ಪಿಎಫ್ ವಿವರ, ಯುಎಎನ್ (ಪಿಎಫ್ ಸದಸ್ಯರ ಗುರುತು ಸಂಖ್ಯೆ) ಕೊಡಬೇಕು. ಬೆಂಗಳೂರಿನಲ್ಲಿ ಎಲ್ಲಿ ಕೆಲಸ ಮಾಡಿದ್ದು ಅನ್ನುವುದು ಅಲ್ಲಿಗೇ ಹೊರಬರುತ್ತದೆ. ಎಂ.ಎಸ್ಸಿ. ಬಿಟ್ಟರೆ ಆ ಎರಡು ವರ್ಷ ಏನು ಮಾಡುತ್ತಿದ್ದಿರಿ ಅಂತಲೂ ಕೇಳುತ್ತಾರೆ. ಒಂದು ಮುಚ್ಚಲು ಇನ್ನೊಂದು ಹೇಳಬೇಕಾಗುತ್ತದೆ. ನನ್ನ ಸಲಹೆ: ತೆಗೆಯಬೇಡಿ.

ಪ್ಲಾಂಟರ್, ದಕ್ಷಿಣ ಕೊಡಗು

ಕೆಲಸ ಕೊಡುವವನಾಗಿ ನನ್ನ ಮಾತನ್ನೂ ಕೇಳಿ. ನಮ್ಮದು ದೊಡ್ಡ ಕಂಪನಿ ತೋಟ ಅಲ್ಲ, ಮನೆತನದ ತೋಟ. ಎಂ.ಕಾಂ. ಆದ ಒಬ್ಬ ಹುಡುಗನನ್ನು ರೈಟರ್ ಕೆಲಸಕ್ಕೆ, ಅಂದರೆ ತೋಟದ ಲೆಕ್ಕ ಬರೆಯುವುದಕ್ಕೆ ತೆಗೆದುಕೊಂಡೆ. ಒಳ್ಳೆಯ ಹುಡುಗ, ಚುರುಕು. ಚೆಕ್‌ರೋಲ್ (ಕೆಲಸದವರ ಹಾಜರಿ ಪುಸ್ತಕ) ಬರೆಯುವುದು, ವಾರದ ಬಟವಾಡೆ, ಗೊಬ್ಬರ ಔಷಧಿಯ ಸ್ಟಾಕ್, ಎಲ್ಲ ಕಲಿಸಿದೆ. ರೊಬಸ್ಟಾ ಕಾಫಿಯ ಕೊಯ್ಲು ಶುರುವಾಗಿ ಕಣದ ತುಂಬ ಚೆರ್ರಿ (ಕಾಫಿ ಹಣ್ಣು) ಹರಡಿದ್ದಾಗ ಬ್ಯಾಂಕಿನ ಕೆಲಸ ಸಿಕ್ಕಿತು ಅಂತ ವಾರದೊಳಗೆ ಹೊರಟ. ಅವನ ಏಳಿಗೆಗೆ ನಾನು ಅಡ್ಡ ಬರಲಿಲ್ಲ, ಸಿಹಿ ಕೊಟ್ಟೇ ಕಳಿಸಿದೆ. ಆದರೆ ಆ ಹಂಗಾಮಿನಲ್ಲಿ ಅಸ್ಸಾಂನಿಂದ ಬಂದ ಕೆಲಸದವರು ಲೈನ್ ಮನೆ ತುಂಬ ಇದ್ದರು. ಯಾರು ಎಷ್ಟು ಕೆ.ಜಿ. ಕೊಯ್ದರು, ಯಾರಿಗೆ ಎಷ್ಟು ಅಡ್ವಾನ್ಸ್ ಹೋಗಿದೆ ಅನ್ನುವ ಲೆಕ್ಕ ಎಲ್ಲ ಅವನ ಕೈಯಲ್ಲಿತ್ತು. ಬಡವರ ಕೂಲಿಯ ಲೆಕ್ಕ ತಪ್ಪಿದರೆ ಆಗುವ ನೋವು ಸಣ್ಣದಲ್ಲ.

ಅದಕ್ಕೇ ಹೇಳಿದೆ, ಆ ಮ್ಯಾನೇಜರ್ ಕೆಟ್ಟವರು ಅಂತ ತೀರ್ಮಾನಿಸಬೇಡಿ. ಅವರಿಗೂ ಇಂಥದ್ದೊಂದು ಆಗಿರಬಹುದು.

ತೋಟದ ರೈಟರ್

ಸರ್, ನಿಮ್ಮ ಮಾತು ಒಪ್ಪುತ್ತೇನೆ, ಆದರೆ ಅರ್ಧ ಮಾತ್ರ.

ನಾನು ಸಿದ್ದಾಪುರ ಕಡೆಯ ಒಂದು ತೋಟದಲ್ಲಿ ರೈಟರ್. ಓದಿದ್ದು ಎಂ.ಎ. ಇತಿಹಾಸ. ಮದುವೆಗೆ ಮೊದಲು ಸೇರಿದವನು, ಈಗ ಮಗಳು ಹೈಸ್ಕೂಲಿಗೆ ಬಂದಿದ್ದಾಳೆ. ನಮ್ಮ ತೋಟದಿಂದ ಈಚೆಗೆ ಬಿಟ್ಟು ಹೋದವರು ಯಾರು ಗೊತ್ತಾ? ಎಸ್ಸೆಸ್ಸೆಲ್ಸಿ ಆದ, ಪಿಯುಸಿ ಫೇಲಾದ ಹುಡುಗರು. ಬೆಂಗಳೂರಿನಲ್ಲಿ ಡೆಲಿವರಿ ಕೆಲಸಕ್ಕೆ, ಮಂಗಳೂರಿನಲ್ಲಿ ಸೆಕ್ಯೂರಿಟಿ ಕೆಲಸಕ್ಕೆ ಹೋದರು. ಓದು ಕಡಿಮೆ ಇದ್ದದ್ದು ಅವರನ್ನು ಇಲ್ಲಿ ಕಟ್ಟಿ ಹಾಕಲಿಲ್ಲ. ಇಲ್ಲಿಗಿಂತ ಹೆಚ್ಚು ದುಡ್ಡು ಅಲ್ಲಿ ಸಿಗುತ್ತದೆ, ಹೋದರು.

ನನ್ನನ್ನು ಇಲ್ಲಿ ನಿಲ್ಲಿಸಿದ್ದು ಮೂರು ವಿಷಯ. ವಾಸಕ್ಕೆ ಯೋಗ್ಯವಾದ ಕ್ವಾರ್ಟರ್ಸ್ ಕೊಟ್ಟರು. ಮಗಳಿಗೆ ಶಾಲೆ ಹತ್ತಿರ. ಮತ್ತೆ, ನಮ್ಮ ಸಾಹುಕಾರರು ಕಾಫಿ ಮಾರುವ ಮೊದಲು ನನ್ನನ್ನು ಕೂರಿಸಿಕೊಂಡು, ಈಗ ಕೊಡೋದಾ ಕಾಯೋದಾ ಅಂತ ಕೇಳುತ್ತಾರೆ. ನಾನು ಹೇಳಿದ್ದನ್ನು ಅವರು ಮಾಡಬೇಕಂತಿಲ್ಲ. ಕೇಳುತ್ತಾರಲ್ಲ, ನನಗೆ ಅಷ್ಟು ಸಾಕು. ಸಂದರ್ಶನದ ದಿನವೂ ನನ್ನ ಡಿಗ್ರಿ ಬಗ್ಗೆ ಒಂದು ಮಾತು ಎತ್ತಲಿಲ್ಲ. ಮನೆಯಲ್ಲಿ ಯಾರಿದ್ದಾರೆ, ಯಾಕೆ ಈ ಕಡೆ ಬಂದಿರಿ, ಎಷ್ಟು ವರ್ಷ ಇರುವ ಯೋಚನೆ ಅಂತ ನೇರವಾಗಿ ಕೇಳಿದರು. ಹೂಮಳೆ ಅಕ್ಕನಿಗೆ ಆ ಪ್ರಶ್ನೆಯನ್ನೇ ಯಾರೂ ಕೇಳಿಲ್ಲ. ಕೇಳದೆ ತಾವೇ ಉತ್ತರ ಬರೆದುಕೊಂಡಿದ್ದಾರೆ. ಅದು ನ್ಯಾಯ ಅಲ್ಲ.

ಪ್ಲಾಂಟರ್, ದಕ್ಷಿಣ ಕೊಡಗು

ನೀವು ಹೇಳಿದ್ದು ಸರಿ ಇದೆ. ನಾನೂ ಆ ಎಂ.ಕಾಂ. ಹುಡುಗನಿಗೆ ಬ್ಯಾಂಕ್ ಪರೀಕ್ಷೆ ಬರೆಯುತ್ತಿದ್ದೀಯಾ ಅಂತ ಕೇಳಿರಲಿಲ್ಲ. ಕೇಳಿದ್ದರೆ ಹೇಳುತ್ತಿದ್ದ ಅಂತ ಈಗ ಅನಿಸುತ್ತದೆ, ಸುಳ್ಳು ಹೇಳುವ ಹುಡುಗ ಅಲ್ಲ.

ಗೋಣಿಕೊಪ್ಪ ವಕೀಲ

ಮುಚ್ಚಿಡುವುದರ ಬಗ್ಗೆ ಕಾನೂನು ಏನು ಹೇಳುತ್ತದೆ ಅಂತ ನಾನು ಹೇಳುತ್ತೇನೆ. ಇಲ್ಲಿ ಸರ್ಕಾರಿ, ಬ್ಯಾಂಕ್ ಹುದ್ದೆ ಬೇರೆ, ಖಾಸಗಿ ಬೇರೆ.

ಖಾಸಗಿಯವರು ಓದು ಹೆಚ್ಚಾಯಿತು ಅಂತ ಬೇಡ ಅಂದರೆ ಅದನ್ನು ತಡೆಯುವ ಕಾನೂನು ನಮ್ಮಲ್ಲಿ ಇಲ್ಲ.

ಸರ್ಕಾರಿ ಕಡೆ ಸುಪ್ರೀಂ ಕೋರ್ಟಿನ ತೀರ್ಪುಗಳೇ ಎರಡು ದಿಕ್ಕಿನಲ್ಲಿವೆ. 2000ರಲ್ಲಿ ನಾಗಪುರ ಜಿಲ್ಲಾ ನ್ಯಾಯಾಲಯದ ಜವಾನ ಹುದ್ದೆಗಳ ವಿಚಾರ ಬಂತು. ನಿಗದಿಗಿಂತ ಹೆಚ್ಚು ಓದಿದ್ದಾರೆ ಅನ್ನುವ ಒಂದೇ ಕಾರಣಕ್ಕೆ ಅಭ್ಯರ್ಥಿಯನ್ನು ಪರಿಗಣಿಸದೆ ಬಿಡುವ ಮಾನದಂಡ ವಿವೇಕದ್ದಲ್ಲ ಅಂತ ಕೋರ್ಟ್ ಆಗ ಹೇಳಿತು. 2020ರ ನವೆಂಬರ್‌ನಲ್ಲಿ ಪಂಜಾಬ್ ನ್ಯಾಷನಲ್ ಬ್ಯಾಂಕಿನ ಜವಾನ ಹುದ್ದೆಯ ಪ್ರಕರಣ ಬಂತು. ಅದರ ಜಾಹೀರಾತಿನಲ್ಲೇ, ಹನ್ನೆರಡನೇ ತರಗತಿ ಪಾಸಾಗಿರಬೇಕು, ಪದವೀಧರರಾಗಿರಬಾರದು ಅಂತ ಸ್ಪಷ್ಟವಾಗಿತ್ತು. ಒಬ್ಬ ಅಭ್ಯರ್ಥಿ ತಾನು ಪದವೀಧರ ಅನ್ನುವುದನ್ನು ಅರ್ಜಿಯಲ್ಲಿ ಹೇಳದೆ ಆಯ್ಕೆಯಾದ. ಆಮೇಲೆ ಗೊತ್ತಾಗಿ ಬ್ಯಾಂಕ್ ಅವನನ್ನು ಕೆಲಸಕ್ಕೆ ಸೇರಿಸಿಕೊಳ್ಳಲಿಲ್ಲ. ಹೈಕೋರ್ಟ್ ಅವನ ಪರ ಹೇಳಿತ್ತು, ಸುಪ್ರೀಂ ಕೋರ್ಟ್ ಬ್ಯಾಂಕಿನ ಪರ ನಿಂತಿತು. ಅರ್ಹತೆ ಏನಿರಬೇಕು ಅಂತ ನಿಗದಿ ಮಾಡುವುದು ಕೆಲಸ ಕೊಡುವವರಿಗೆ ಬಿಟ್ಟದ್ದು, ಮಾಹಿತಿ ಮರೆಮಾಚಿದವರು ಹಕ್ಕು ಕೇಳುವಂತಿಲ್ಲ ಅಂತ ತೀರ್ಪು.

ಕುಶಾಲನಗರದ ತಮ್ಮ, ನೀನು ಖಾಸಗಿಯಲ್ಲಿ ಇದ್ದೀಯ, ಅದು ನಿನಗೂ ನಿನ್ನ ಮಾಲೀಕರಿಗೂ ಸೇರಿದ್ದು. ನಾಳೆ ಸರ್ಕಾರಿ ಅರ್ಜಿ ಹಾಕಿದರೆ ಮಾತ್ರ ಹಾಗೆ ಮಾಡಬೇಡ. ಇನ್ನೊಂದು ವಿಷಯ ನಿನಗೆ ಉಪಯೋಗ ಆಗಬಹುದು. ಐಟಿಐ ಕೇಳಿದ ಕಡೆ ಡಿಪ್ಲೊಮಾ ನಡೆಯುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ಜಮ್ಮು ಕಾಶ್ಮೀರದ ಟೆಕ್ನಿಷಿಯನ್ ಹುದ್ದೆಗಳ ಪ್ರಕರಣದಲ್ಲಿ 2018ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಮೇಲಿನ ಅರ್ಹತೆ ಇದ್ದರೆ ಕೆಳಗಿನದೂ ಇದ್ದಂತೆ ಅನ್ನುವುದು ನೇಮಕಾತಿ ನಿಯಮದಲ್ಲಿ ಬರೆದಿದ್ದರೆ ಮಾತ್ರ ನಡೆಯುತ್ತದೆ. ಅಧಿಸೂಚನೆ ಕೊನೆಯ ಸಾಲಿನವರೆಗೆ ಓದು.

ಕುಡಿಗೆ ಟೀಚರ್

ವಕೀಲರೇ, ಬಿ.ಎಡ್. ವಿಚಾರವನ್ನೂ ದಯವಿಟ್ಟು ಹೇಳಿ. ನನ್ನದು ಎಂ.ಎ., ಬಿ.ಎಡ್. ನಮ್ಮೂರ ಹತ್ತಿರದ ಶಾಲೆಯಲ್ಲಿ ಒಂದರಿಂದ ಐದನೇ ತರಗತಿಗೆ ಪಾಠ ಮಾಡುವುದು ನನಗೆ ಇಷ್ಟ. ಡಿ.ಎಡ್. ಆದವರಿಗಿಂತ ನಾನು ಹೆಚ್ಚು ಓದಿದ್ದೇನಲ್ಲ, ಆದರೂ ನನಗೆ ಯಾಕೆ ಬಾಗಿಲು ಮುಚ್ಚಿದೆ ಅಂತ ಬಹಳ ಸಂಕಟ ಆಗುತ್ತದೆ.

ಗೋಣಿಕೊಪ್ಪ ವಕೀಲ

ಮೇಡಂ, 2018ರ ಜೂನ್ 28ರಂದು ಎನ್‌ಸಿಟಿಇ (ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು) ಒಂದು ಅಧಿಸೂಚನೆ ಹೊರಡಿಸಿ, ಬಿ.ಎಡ್. ಆದವರೂ ಪ್ರಾಥಮಿಕ ತರಗತಿಗಳಿಗೆ ಬರಬಹುದು ಅಂತ ಮಾಡಿತ್ತು. 2023ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಕೋರ್ಟ್ ಕೊಟ್ಟ ಕಾರಣ ಕೇಳಿದರೆ ನಿಮ್ಮ ಸಂಕಟ ಸ್ವಲ್ಪ ಕಡಿಮೆ ಆದೀತು. ಬಿ.ಎಡ್. ಅನ್ನುವುದು ಡಿ.ಎಡ್.ಗಿಂತ ಮೇಲಿನ ಮೆಟ್ಟಿಲಲ್ಲ, ಬೇರೆಯದೇ ತರಬೇತಿ. ಹೈಸ್ಕೂಲು ಮಕ್ಕಳಿಗೆ ಪಾಠ ಮಾಡುವುದನ್ನು ಅದು ಕಲಿಸುತ್ತದೆ. ಆರೇಳು ವರ್ಷದ ಮಗುವಿಗೆ ಅಕ್ಷರ, ಎಣಿಕೆ ಕಲಿಸುವ ವಿಧಾನ ಡಿ.ಎಡ್.ನಲ್ಲಿದೆ, ಬಿ.ಎಡ್.ನಲ್ಲಿ ಇಲ್ಲ. ಗುಣಮಟ್ಟದ ಶಿಕ್ಷಣ ಪಡೆಯುವುದು ಮಗುವಿನ ಹಕ್ಕು ಅನ್ನುವುದು ತೀರ್ಪಿನ ತಿರುಳು. ಆರರಿಂದ ಎಂಟನೇ ತರಗತಿ ಮತ್ತು ಹೈಸ್ಕೂಲಿಗೆ ನಿಮ್ಮ ಬಿ.ಎಡ್. ನಡೆಯುತ್ತದೆ.

ಕುಡಿಗೆ ಟೀಚರ್

ತುಂಬ ಉಪಕಾರ ಆಯಿತು ಸರ್. ಇಷ್ಟು ದಿನ ನನ್ನನ್ನು ಯಾರೋ ಬೇಕೆಂದೇ ಹೊರಗಿಟ್ಟಿದ್ದಾರೆ ಅಂತ ಅನಿಸುತ್ತಿತ್ತು. ಚಿಕ್ಕ ಮಕ್ಕಳಿಗೆ ಕಲಿಸುವುದು ಬೇರೆ ವಿದ್ಯೆ ಅನ್ನುವುದು ನಿಜ, ಅಂಗನವಾಡಿಯಲ್ಲಿ ನಮ್ಮ ಚಿಕ್ಕಮ್ಮ ಮಾಡುವುದನ್ನು ನೋಡಿದ್ದೇನೆ. ನನಗೆ ಅದು ಬರುವುದಿಲ್ಲ.

ಹೂಮಳೆ (ಸೋಮವಾರಪೇಟೆ)

ಇಷ್ಟು ಜನ ಸಮಯ ಕೊಟ್ಟು ಬರೆದಿದ್ದೀರಿ, ಎಲ್ಲರಿಗೂ ಧನ್ಯವಾದ. ಎಂ.ಎಸ್ಸಿ. ತೆಗೆಯುವುದಿಲ್ಲ ಅಂತ ತೀರ್ಮಾನ ಮಾಡಿದೆ. ಅದನ್ನು ಮುಗಿಸಲು ಅಪ್ಪ ಎಷ್ಟು ಕಷ್ಟಪಟ್ಟಿದ್ದಾರೆ ಅಂತ ನನಗೆ ಗೊತ್ತು. ಆದರೆ ಹಾಗೇ ಇಟ್ಟುಕೊಂಡು ಏನು ಹೇಳಬೇಕು? "ಯಾವ ಕೆಲಸ ಆದರೂ ಮಾಡುತ್ತೇನೆ" ಅಂದರೆ ಸಾಕಾ?

ವಿರಾಜಪೇಟೆ ಮನೆ, ಮೈಸೂರು ಕೆಲಸ

ಆ ಒಂದು ಮಾತು ಮಾತ್ರ ಹೇಳಬೇಡಿ! ಯಾವ ಕೆಲಸ ಆದರೂ ಸರಿ ಅಂದರೆ, ಈ ಕೆಲಸ ಬೇಕು ಅಂತ ಬಂದಿಲ್ಲ, ಬೇರೆ ಸಿಗುವವರೆಗೆ ಮಾತ್ರ ಅಂತ ಕೇಳುವವರ ಕಿವಿಗೆ ಬೀಳುತ್ತದೆ. ಈ ಕೆಲಸವೇ ಯಾಕೆ, ಈ ಊರೇ ಯಾಕೆ, ಎಲ್ಲಿಯವರೆಗೆ ಅಂತ ಅವರು ಕೇಳುವ ಮೊದಲೇ ನೀವು ಹೇಳಿ. ಅಪ್ಪನ ಆರೋಗ್ಯದ ವಿಷಯ ಒಂದೇ ಸಾಲಿನಲ್ಲಿ ಬರಲಿ, ಹೆಚ್ಚು ಹೇಳಿದರೆ ದಿನಾ ರಜೆ ಕೇಳುತ್ತಾರೆ ಅಂತ ಹೊಸ ಭಯ ಹುಟ್ಟುತ್ತದೆ.

ಪೊನ್ನಂಪೇಟೆ ಫಾರೆಸ್ಟ್ರಿ

ಸಂಶೋಧನೆಯ ಕಡೆಯಿಂದ ಒಂದು ಮಾತು ಸೇರಿಸುತ್ತೇನೆ. ಅಮೆರಿಕದ ಪೋರ್ಟ್‌ಲ್ಯಾಂಡ್ ಸ್ಟೇಟ್ ವಿಶ್ವವಿದ್ಯಾಲಯದ ಬೆರಿನ್ ಎರ್ದೊಆನ್ ಮತ್ತು ತಾಲಿಯಾ ಬಾವರ್ ಇದೇ ವಿಷಯದ ಮೇಲೆ ಟರ್ಕಿಯ ಒಂದು ಬಟ್ಟೆ ಅಂಗಡಿ ಸರಣಿಯ ನೌಕರರನ್ನು ಅಧ್ಯಯನ ಮಾಡಿ 2009ರಲ್ಲಿ ಪ್ರಕಟಿಸಿದರು. ತಮ್ಮ ಅರ್ಹತೆಗೆ ಈ ಕೆಲಸ ಕಡಿಮೆ ಅಂದುಕೊಂಡವರು ಮಾರಾಟದಲ್ಲಿ ಹಿಂದೆ ಬಿದ್ದಿರಲಿಲ್ಲ, ಮುಂದೆಯೇ ಇದ್ದರು. ಅವರಲ್ಲಿ ಬೇಸರ, ಬಿಟ್ಟು ಹೋಗುವ ಯೋಚನೆ ಇದ್ದದ್ದು ನಿಜ. ಆದರೆ ಕೆಲಸದಲ್ಲಿ ತಾವೇ ತೀರ್ಮಾನ ತೆಗೆದುಕೊಳ್ಳುವ ಅವಕಾಶ ಇದ್ದವರಲ್ಲಿ ಆ ಬೇಸರ ಬಹಳ ತಗ್ಗಿತ್ತು. ತೋಟದ ರೈಟರ್ ಅಣ್ಣ ಮೇಲೆ ಬರೆದದ್ದು, ಕಾಫಿ ಮಾರುವ ಮೊದಲು ಸಾಹುಕಾರರು ತನ್ನನ್ನು ಕೇಳುತ್ತಾರೆ ಅಂತ, ಅದೇ ಇದು.

ಕೆಲಸ ಕೊಡುವವರು ಇಲ್ಲಿ ಓದುತ್ತಿದ್ದರೆ ನನ್ನದೊಂದು ವಿನಂತಿ. ಹೆಚ್ಚು ಓದಿದವರನ್ನು ಹಿಡಿದು ನಿಲ್ಲಿಸಲು ಸಂಬಳ ಒಂದೇ ದಾರಿ ಅಲ್ಲ. ಅವರ ತಲೆಗೆ ಸ್ವಲ್ಪ ಕೆಲಸ ಕೊಡಿ.

ಪ್ಲಾಂಟರ್, ದಕ್ಷಿಣ ಕೊಡಗು

ಹೂಮಳೆ, ನಿಮಗೆ ಒಂದು ವಿಷಯ ಹೇಳಬೇಕು ಅಂತಲೇ ಮತ್ತೆ ಬಂದೆ. ನೀವು ಆಹಾರ ಪರೀಕ್ಷಾ ಲ್ಯಾಬಿನಲ್ಲಿ ಇದ್ದವರು. ಓಕ್ರಟಾಕ್ಸಿನ್ ಎ ಪರೀಕ್ಷೆ ಮಾಡಿದ್ದೀರಾ? ಮಾಡಿದ್ದರೆ ಆ ಕ್ಯೂರಿಂಗ್ ಮ್ಯಾನೇಜರ್ ನಿಮ್ಮನ್ನು ಕಳಿಸಿ ತಮಗೇ ನಷ್ಟ ಮಾಡಿಕೊಂಡಿದ್ದಾರೆ.

ಗೊತ್ತಿಲ್ಲದವರಿಗೆ ವಿವರಿಸುತ್ತೇನೆ. ಕಾಫಿ ಸರಿಯಾಗಿ ಒಣಗದೆ ಬೂಷ್ಟು ಹಿಡಿದರೆ ಕೆಲವು ಜಾತಿಯ ಶಿಲೀಂಧ್ರಗಳು ಈ ವಿಷ ಉಂಟುಮಾಡುತ್ತವೆ. ಹುರಿದರೂ ಪೂರ್ತಿ ಹೋಗುವುದಿಲ್ಲ. ಯುರೋಪ್ ಒಕ್ಕೂಟ ಹುರಿದ ಕಾಫಿಗೆ ಒಂದು ಕೆ.ಜಿ.ಗೆ 5 ಮೈಕ್ರೋಗ್ರಾಂ ಇದ್ದ ಮಿತಿಯನ್ನು 2023ರಿಂದ 3ಕ್ಕೆ ಇಳಿಸಿದೆ. ನಮ್ಮ ಕಾಫಿಯ ಹೆಚ್ಚಿನ ಪಾಲು ರಫ್ತಾಗುವುದು, ಅದರಲ್ಲೂ ಇಟಲಿ ದೊಡ್ಡ ಗಿರಾಕಿ. ಒಣಗಿಸುವ ಹದಕ್ಕೆ ಕಾಫಿ ಬೋರ್ಡಿನ ಲೆಕ್ಕ ಇದೆ: ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ, ತಿರುಳು ತೆಗೆದು ಒಣಗಿಸಿದ ಬೀಜ) ಶೇ. 10, ಅರೇಬಿಕಾ ಚೆರ್ರಿ ಶೇ. 10.5, ರೊಬಸ್ಟಾ ಚೆರ್ರಿ ಶೇ. 11 ತೇವಾಂಶ. ಆದರೆ ಈಚಿನ ವರ್ಷಗಳಲ್ಲಿ ಅರೇಬಿಕಾ ಕೊಯ್ಲಿನ ಹೊತ್ತಿಗೇ ಸೈಕ್ಲೋನ್ ಮಳೆ ಬಂದು ಕಣದ ಮೇಲೆ ಟಾರ್ಪಾಲು ಹೊದಿಸಿ ಕೂರುವ ಪರಿಸ್ಥಿತಿ. ಹೊದಿಸಿದ ರಾಶಿಯೊಳಗೆ ಏನಾಗುತ್ತಿದೆ ಅಂತ ತಿಳಿದವರು ಬೇಕು. ತೇವಾಂಶದ ಮೀಟರ್ ಓದಲು ಪಿಯುಸಿ ಸಾಕು, ಸ್ಯಾಂಪಲ್ ಎಲ್ಲಿಂದ ತೆಗೆಯಬೇಕು, ಯಾವ ಲಾಟ್ ಬೇರೆ ಇಡಬೇಕು ಅಂತ ಹೇಳಲು ಪಿಯುಸಿ ಸಾಲದು.

ಯುರೋಪಿನವರದ್ದೇ ಇನ್ನೊಂದು ಕಾನೂನು, ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿ ಬೇಡ ಅನ್ನುವುದು. ಜಾರಿ ದಿನಾಂಕ ಮುಂದೆ ಹೋಗುತ್ತಲೇ ಇದೆ, ಆದರೂ ತಯಾರಿ ಬೇಕು. ಪ್ರತಿ ತೋಟದ ಭೂನಕ್ಷೆ ಗುರುತು ಕೊಡಬೇಕು, 4 ಹೆಕ್ಟೇರಿಗಿಂತ ದೊಡ್ಡ ಜಾಗಕ್ಕೆ ಸುತ್ತಲಿನ ಗಡಿಯನ್ನೇ ಗುರುತಿಸಬೇಕು. ಸಣ್ಣ ಬೆಳೆಗಾರರಿಗೆ ಇದನ್ನು ಮಾಡಿಕೊಡುವವರು ಯಾರು? ಕಂಪ್ಯೂಟರ್ ಬಲ್ಲ, ದಾಖಲೆ ಬಲ್ಲ, ಊರಲ್ಲೇ ಇರುವ ನಿಮ್ಮಂಥವರು.

ಸಂಘದ ಗುಮಾಸ್ತ

ಎಲ್ಲರೂ ಹೇಗೆ ಒಪ್ಪಿಸುವುದು ಅಂತ ಮಾತಾಡುತ್ತಿದ್ದೀರಿ. ಸಂಬಳದ ಮಾತನ್ನು ಯಾರೂ ಎತ್ತಲಿಲ್ಲ.

ನಾನು ಒಂದು ಸಹಕಾರ ಸಂಘದಲ್ಲಿ ಗುಮಾಸ್ತ, ಓದಿದ್ದು ಎಂ.ಕಾಂ. ನಮ್ಮ ಜಿಲ್ಲೆಯಲ್ಲಿ ಇದರ ಇನ್ನೊಂದು ಮುಖವೂ ಇದೆ. ಓದು ಜಾಸ್ತಿ ಅಂತ ಬೇಡ ಅನ್ನುವವರು ಕೆಲವರಾದರೆ, ಓದು ಜಾಸ್ತಿ ಇದ್ದವರನ್ನೇ ಹುಡುಕಿ ಕಡಿಮೆ ಸಂಬಳಕ್ಕೆ ಇಟ್ಟುಕೊಳ್ಳುವವರು ಬಹಳ. ಮನೆಯ ಕಷ್ಟಕ್ಕೆ ಊರು ಬಿಡಲಾಗದವರು, ಅದರಲ್ಲೂ ಹೆಣ್ಣುಮಕ್ಕಳು, ಎಷ್ಟು ಕೊಟ್ಟರೂ ಬರುತ್ತಾರೆ ಅಂತ ಅವರಿಗೆ ಗೊತ್ತು. ಎಂ.ಎಸ್ಸಿ., ಬಿ.ಎಡ್. ಆದವರಿಗೆ ತೋಟದ ಕೂಲಿಗಿಂತ ಕಡಿಮೆ ಬೀಳುವ ಸಂಬಳ ಕೊಡುವ ಶಾಲೆಗಳು ಇವೆ. ನೀವು ಹುದ್ದೆಗೆ ಇಳಿದು ಬರುವುದು ನಿಮ್ಮ ಇಷ್ಟ. ಆ ಹುದ್ದೆಯ ಸಂಬಳಕ್ಕಿಂತಲೂ ಇಳಿಯಬೇಡಿ. ಪಿಯುಸಿ ಆದವರಿಗೆ ಎಷ್ಟು ಕೊಡುತ್ತಿದ್ದರೋ ಅಷ್ಟು ಕೇಳಿ. ಮೇಲೆ ಪ್ಲಾಂಟರ್ ಸರ್ ಹೇಳಿದ ಲ್ಯಾಬ್ ಕೆಲಸವನ್ನೂ ಮಾಡಿಸಿಕೊಂಡರೆ ಅದಕ್ಕೆ ಬೇರೆ ಮಾತಾಡಿ. ಇದು ನಿಮ್ಮೊಬ್ಬರ ವಿಷಯ ಅಲ್ಲ, ನೀವು ಕಡಿಮೆಗೆ ಒಪ್ಪಿದರೆ ನಿಮ್ಮ ಹಿಂದೆ ಬರುವ ಪಿಯುಸಿ ಹುಡುಗಿಗೂ ಅಷ್ಟೇ ಕೊಡುತ್ತಾರೆ.

ಪ್ಲಾಂಟರ್, ದಕ್ಷಿಣ ಕೊಡಗು

ಒಪ್ಪಿದೆ. ಕಾಫಿಗೆ ಬೆಲೆ ಬಂದ ವರ್ಷವಾದರೂ ಕೊಡದಿದ್ದರೆ ನಾವು ಯಾವ ಮುಖ ಇಟ್ಟುಕೊಂಡು ಕೆಲಸದವರು ನಿಲ್ಲುತ್ತಿಲ್ಲ ಅಂತ ದೂರುವುದು.

ನಿವೃತ್ತ ಹವಾಲ್ದಾರ್, ನಾಪೋಕ್ಲು

ಮಗಳೇ, ನಾನು ಸೈನ್ಯದಿಂದ ಬಂದ ಮೇಲೆ ಒಂದು ಬ್ಯಾಂಕಿನಲ್ಲಿ ಗನ್‌ಮ್ಯಾನ್ ಆಗಿ ಸೇರಿದೆ. ಸೈನ್ಯದಲ್ಲಿ ನನ್ನ ಕೈ ಕೆಳಗೆ ಒಂದು ಸೆಕ್ಷನ್ ಜನ ಇದ್ದರು, ಇಲ್ಲಿ ಬಾಗಿಲಲ್ಲಿ ನಿಲ್ಲುವ ಕೆಲಸ. ನನಗೆ ಕಷ್ಟ ಆಗಲಿಲ್ಲ, ಕಷ್ಟ ಆದದ್ದು ಬೇರೆಯವರಿಗೆ. ಮದುವೆ ಮನೆಗೆ ಹೋದರೆ, ಕೈಲ್ ಪೊಳ್ದ್ ಹಬ್ಬದ ಊಟಕ್ಕೆ ಕೂತರೆ, "ಅಷ್ಟು ಸರ್ವಿಸ್ ಮಾಡಿ ಈಗ ಇದಾ?" ಅನ್ನುತ್ತಿದ್ದರು. ನಿನಗೂ ಅಂಥ ಮಾತು ಬರುತ್ತದೆ. ಎಂ.ಎಸ್ಸಿ. ಓದಿ ಚೀಲ ಲೆಕ್ಕ ಮಾಡುತ್ತಾಳೆ ಅಂತ ಹೇಳುತ್ತಾರೆ. ನಿನ್ನ ಅವ್ವನ ಹತ್ತಿರವೂ ಹೇಳುತ್ತಾರೆ, ಅವರಿಗೆ ಮೊದಲೇ ತಿಳಿಸಿ ಧೈರ್ಯ ಕೊಡು. ಕಂಪನಿಯವರು ಬೇಡ ಅಂದದ್ದಕ್ಕಿಂತ ನಮ್ಮ ಜನರ ಈ ಮಾತಿಗೆ ಹೆದರಿ ಮನೆಯಲ್ಲೇ ಕೂತ ಓದಿದ ಮಕ್ಕಳನ್ನು ನಾನು ಹೆಚ್ಚು ನೋಡಿದ್ದೇನೆ. ಅದು ನನಗೆ ಬಹಳ ನೋವು ಕೊಡುವ ವಿಷಯ.

ಹೂಮಳೆ (ಸೋಮವಾರಪೇಟೆ)

ಹವಾಲ್ದಾರ್ ಮಾವ, ನಿಮ್ಮ ಮಾತನ್ನು ಅವ್ವನಿಗೆ ಓದಿ ಹೇಳಿದೆ.

ಪ್ಲಾಂಟರ್ ಸರ್, ಓಕ್ರಟಾಕ್ಸಿನ್ ಪರೀಕ್ಷೆ ಮಾಡಿದ್ದೇನೆ. ಮಸಾಲೆ ಪದಾರ್ಥಗಳಲ್ಲಿ ಹೆಚ್ಚು, ಕಾಫಿಯಲ್ಲಿ ಕೆಲವು ಸಲ. ಅದನ್ನು ಆ ಮ್ಯಾನೇಜರ್ ಮುಂದೆ ಹೇಳಬೇಕು ಅಂತ ನನಗೆ ಹೊಳೆದಿರಲೇ ಇಲ್ಲ, ಸೀನಿಯರ್ ಅನಲಿಸ್ಟ್ ಅಂತ ಮಾತ್ರ ಬರೆದಿದ್ದೆ. ಮತ್ತೊಂದು ಕ್ಯೂರಿಂಗ್ ವರ್ಕ್ಸ್‌ಗೆ ಕಳಿಸಲು ಈ ಪತ್ರ ಬರೆದಿದ್ದೇನೆ, ತಿದ್ದಿ ಕೊಡಿ:

"ಮಾನ್ಯರೇ, ನಿಮ್ಮ ಸ್ಯಾಂಪಲ್ ವಿಭಾಗದ ಕೆಲಸಕ್ಕೆ ನನ್ನ ಓದು ಹೆಚ್ಚು ಅಂತ ನಿಮಗೆ ಅನಿಸಬಹುದು, ಅದಕ್ಕೆ ಕ್ಷಮೆ ಇರಲಿ. ನಾನು ಸೋಮವಾರಪೇಟೆಯವಳು, ಮನೆಯ ಜವಾಬ್ದಾರಿಯಿಂದ ಊರಿಗೆ ಮರಳಿದ್ದೇನೆ, ಇಲ್ಲೇ ಇರುತ್ತೇನೆ. ಆಹಾರ ಪರೀಕ್ಷಾ ಲ್ಯಾಬಿನಲ್ಲಿ ತೇವಾಂಶ ಮತ್ತು ಓಕ್ರಟಾಕ್ಸಿನ್ ಪರೀಕ್ಷೆ ಮಾಡಿದ ಅನುಭವ ಇದೆ. ಜಾಹೀರಾತಿನಲ್ಲಿ ಹೇಳಿದ ಕೆಲಸವನ್ನೇ, ಅದೇ ಸಂಬಳಕ್ಕೆ ಮಾಡಲು ಒಪ್ಪಿಗೆ ಇದೆ. ಬಹಳ ವರ್ಷ ಇರುತ್ತೇನೆ ಅಂತ ಭರವಸೆ ಕೊಡುತ್ತೇನೆ."

ವಿರಾಜಪೇಟೆ ಮನೆ, ಮೈಸೂರು ಕೆಲಸ

ಕ್ಷಮೆ ತೆಗೆಯಿರಿ. ಓದಿದ್ದಕ್ಕೆ ಯಾರೂ ಕ್ಷಮೆ ಕೇಳಬೇಕಾಗಿಲ್ಲ. ಲ್ಯಾಬ್ ಅನುಭವದ ಸಾಲು ಮೊದಲು ಬರಲಿ. "ಬಹಳ ವರ್ಷ" ಅನ್ನುವುದನ್ನು ಯಾರೂ ನಂಬುವುದಿಲ್ಲ, ಅಳತೆ ಇರುವ ಮಾತು ಬೇಕು. ಪ್ಲಾಂಟರ್ ಸರ್ ಬರೆದದ್ದು ಓದಿದಿರಲ್ಲ, ಆ ಹುಡುಗ ಬಿಟ್ಟದ್ದಕ್ಕಿಂತ ಕೊಯ್ಲಿನ ಮಧ್ಯೆ ಬಿಟ್ಟದ್ದು ಅವರಿಗೆ ಹೆಚ್ಚು ತಾಗಿದೆ. ಆದ್ದರಿಂದ ಹೀಗೆ ಬರೆಯಿರಿ: "ಕಡಿಮೆ ಎಂದರೂ ಎರಡು ಹಂಗಾಮು ಇರುತ್ತೇನೆ. ಆಮೇಲೆ ಬಿಡುವ ಸಂದರ್ಭ ಬಂದರೂ ಹಂಗಾಮಿನ ನಡುವೆ ಬಿಡುವುದಿಲ್ಲ, ನನ್ನ ಜಾಗಕ್ಕೆ ಬರುವವರಿಗೆ ಕಲಿಸಿಯೇ ಹೋಗುತ್ತೇನೆ." ನಿಮ್ಮಿಂದ ಆಗುವುದಾದರೆ ಮಾತ್ರ ಬರೆಯಿರಿ.

ತೋಟದ ರೈಟರ್

ಕಾಫಿ ಬೋರ್ಡಿನವರ ಕಾಫಿ ಗುಣಮಟ್ಟ ನಿರ್ವಹಣೆಯ ಪಿ.ಜಿ. ಡಿಪ್ಲೊಮಾ ಒಂದಿದೆ ಅಕ್ಕ, ಒಂದು ವರ್ಷದ್ದು. ಸ್ವಲ್ಪ ದಿನ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದಲ್ಲಿ, ಉಳಿದದ್ದು ಬೆಂಗಳೂರಲ್ಲಿ. ಬಯೋಕೆಮಿಸ್ಟ್ರಿಯವರು ಅರ್ಜಿ ಹಾಕಬಹುದು ಅನ್ನುವುದನ್ನು ಅವರ ಪ್ರಕಟಣೆಯಲ್ಲಿ ಒಮ್ಮೆ ನೋಡಿಕೊಳ್ಳಿ. ಈಗ ಮನೆ ಬಿಡಲಾಗದಿದ್ದರೂ ತಮ್ಮನ ಓದು ಮುಗಿದ ಮೇಲೆ ಯೋಚಿಸಬಹುದು. ಅಲ್ಲಿಯವರೆಗೆ ಚೆಟ್ಟಳ್ಳಿಯ ಉಪಕೇಂದ್ರಕ್ಕೆ ಒಮ್ಮೆ ಹೋಗಿ ಮಾತಾಡಿ ಬನ್ನಿ, ಅದು ನಮ್ಮ ಜಿಲ್ಲೆಯಲ್ಲೇ ಇದೆ.

ಪ್ಲಾಂಟರ್, ದಕ್ಷಿಣ ಕೊಡಗು

ವಕೀಲರೇ, ಆ ಎರಡು ಹಂಗಾಮಿನ ಮಾತನ್ನು ಕಾಗದದಲ್ಲಿ ಬರೆಸಿಕೊಂಡರೆ ನಡೆಯುತ್ತದಾ? ಕೆಲವರು ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಟ್ಟುಕೊಳ್ಳುತ್ತಾರೆ, ನನಗೆ ಅದು ಸರಿ ಕಾಣುವುದಿಲ್ಲ.

ಗೋಣಿಕೊಪ್ಪ ವಕೀಲ

ಮಾರ್ಕ್ಸ್ ಕಾರ್ಡ್ ಮಾತ್ರ ಯಾವ ಕಾರಣಕ್ಕೂ ಇಟ್ಟುಕೊಳ್ಳಬೇಡಿ ಸರ್. ಅದು ಅವರ ಸ್ವತ್ತು, ನೋಡಿ ಜೆರಾಕ್ಸ್ ತೆಗೆದುಕೊಂಡು ವಾಪಸ್ ಕೊಡಿ.

ಬಾಂಡ್ ವಿಷಯ ಹೀಗಿದೆ. ಕೆಲಸದಲ್ಲಿ ಇರುವಷ್ಟು ಕಾಲಕ್ಕೆ ಹಾಕುವ ಷರತ್ತು ತನ್ನಷ್ಟಕ್ಕೇ ಅಸಿಂಧು ಅಲ್ಲ. 2025ರ ಮೇ ತಿಂಗಳಲ್ಲಿ ವಿಜಯಾ ಬ್ಯಾಂಕ್ ಪ್ರಕರಣದಲ್ಲಿ, ಮೂರು ವರ್ಷದೊಳಗೆ ಬಿಟ್ಟರೆ 2 ಲಕ್ಷ ರೂಪಾಯಿ ಕೊಡಬೇಕು ಅನ್ನುವ ಷರತ್ತನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿದಿದೆ. ಆದರೆ ಅಲ್ಲಿದ್ದದ್ದು ಸಾರ್ವಜನಿಕ ವಲಯದ ಬ್ಯಾಂಕು, ಹಿರಿಯ ಅಧಿಕಾರಿ ಹುದ್ದೆ, ನೇಮಕಾತಿಗೆ ದೊಡ್ಡ ಖರ್ಚು. ಅದನ್ನು ತೋಟದ ರೈಟರ್ ಅಥವಾ ಸ್ಯಾಂಪಲ್ ವಿಭಾಗದ ಹುಡುಗಿಯ ಮೇಲೆ ಹಾಗೇ ಹೇರಲು ಆಗುವುದಿಲ್ಲ. ಒಪ್ಪಂದದಲ್ಲಿ ಎಷ್ಟೇ ಮೊತ್ತ ಬರೆದಿದ್ದರೂ 1872ರ ಕರಾರು ಕಾಯಿದೆಯ 74ನೇ ಕಲಂ ಪ್ರಕಾರ ಕೋರ್ಟ್ ಕೊಡಿಸುವುದು ಆ ಮೊತ್ತದೊಳಗಿನ ನ್ಯಾಯವಾದ ಪರಿಹಾರ ಮಾತ್ರ. ಬಿಟ್ಟವರನ್ನು ಹಿಡಿದು ತಂದು ಕೆಲಸ ಮಾಡಿಸುವಂತೆಯೂ ಇಲ್ಲ.

ನನ್ನನ್ನು ಕೇಳಿದರೆ ದಂಡದ ಮೊತ್ತ ಬೇಡ. ಬಿಡುವ ಮೊದಲು ಎಷ್ಟು ದಿನದ ನೋಟಿಸ್, ಕೊಯ್ಲಿನ ತಿಂಗಳುಗಳಲ್ಲಿ ಎಷ್ಟು, ಅಷ್ಟನ್ನು ನೇಮಕಾತಿ ಪತ್ರದಲ್ಲಿ ಬರೆಯಿರಿ. ಅದೇ ಪತ್ರದಲ್ಲಿ ನಿಮ್ಮ ಕಡೆಯದ್ದನ್ನೂ ಬರೆಯಿರಿ: ಸಂಬಳ ಯಾವ ತಿಂಗಳು ಏರುತ್ತದೆ, ಮಳೆಗಾಲದಲ್ಲಿ ಕೆಲಸ ಇರುತ್ತದೆಯೇ, ಮನೆಯಲ್ಲಿ ಆಸ್ಪತ್ರೆ ವಿಷಯ ಬಂದರೆ ರಜೆ ಹೇಗೆ, ಪಿಎಫ್ ಯಾವ ದಿನದಿಂದ. ಎರಡು ಪ್ರತಿ ಮಾಡಿ ಇಬ್ಬರೂ ಸಹಿ ಹಾಕಿ, ಒಂದು ಪ್ರತಿ ಅವರ ಕೈಗೆ ಸೇರಿದ ದಿನದ ದಿನಾಂಕ ಹಾಕಿಸಿಕೊಳ್ಳಿ.